ಖಾಲಿ ಬೇರೆ, ಲಭ್ಯ ಬೇರೆ

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಇ-ಹರಾಜು ಬಂದ ಮೇಲೆ ರೀಲರುಗಳು ಲಾಟಿನ ಬೆಲೆಯನ್ನು ಮೊಬೈಲಿನಲ್ಲಿ ನಮೂದಿಸುತ್ತಾರೆ. ಅಂಥ ಮೊಬೈಲುಗಳಲ್ಲಿ ಬಹುಪಾಲು ಆಂಡ್ರಾಯ್ಡ್‌ನವು. ಆಂಡ್ರಾಯ್ಡ್‌ನ ಒಡಲಲ್ಲಿರುವುದು ಲಿನಕ್ಸ್ ಕರ್ನಲ್, ಅಂದರೆ ಯಂತ್ರಕ್ಕೂ ತಂತ್ರಾಂಶಗಳಿಗೂ ನಡುವೆ ನಿಂತು ಮೆಮೊರಿಯನ್ನೂ ಪ್ರೊಸೆಸರ್‌ನ ಸಮಯವನ್ನೂ ಹಂಚಿಕೊಡುವ ಮೂಲ ಭಾಗ. ಆದ್ದರಿಂದ ಲಿನಕ್ಸ್‌ನಂಥ ಯುನಿಕ್ಸ್ ಮಾದರಿಯ ವ್ಯವಸ್ಥೆಯಲ್ಲಿ ಒಟ್ಟು ಮೆಮೊರಿ ಎಷ್ಟು, ಖಾಲಿ ಎಷ್ಟು ಎಂದು ಓದುವ ವಿದ್ಯೆ ರಾಮನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯಕ್ಕಷ್ಟೇ ಸೇರಿದ್ದಲ್ಲ; ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಸಿಕೊಂಡು ಡಿಟಿಪಿ ಅಥವಾ ಬಿಲ್ಲಿಂಗ್ ಕೆಲಸ ಮಾಡುವವರಿಗೂ ಅದು ಬೇಕಾದದ್ದು, ಏಕೆಂದರೆ ಆ ಅಂಕಿಗಳನ್ನು ತಪ್ಪಾಗಿ ಓದಿದವರು ಅಗತ್ಯವಿಲ್ಲದ ರ‍್ಯಾಮ್‌ಗೆ ಹಣ ಸುರಿಯುತ್ತಾರೆ.

ಲಿನಕ್ಸ್‌ನಲ್ಲಿ ಈ ಲೆಕ್ಕ ಕೊಡುವ ಆಜ್ಞೆಯ ಹೆಸರು ‘ಫ್ರೀ’. ಅದರ ಮುಂದೆ ಹೈಫನ್ ಇಟ್ಟು ‘ಎಚ್’ ಅಕ್ಷರ ಸೇರಿಸಿದರೆ ಅಂಕಿಗಳು ಮೆಗಾಬೈಟ್, ಗಿಗಾಬೈಟ್‌ಗಳ ಅಳತೆಯಲ್ಲಿ ಕಾಣುತ್ತವೆ. ‘ಫ್ರೀ’ ತಾನಾಗಿ ಏನನ್ನೂ ಅಳೆಯುವುದಿಲ್ಲ. ‘ಪ್ರಾಕ್’ ಎಂಬ ಡೈರೆಕ್ಟರಿಯೊಳಗಿನ ‘ಮೆಮ್‌ಇನ್ಫೋ’ ಎಂಬ ಕಡತವನ್ನು ಓದಿ ಅಂದವಾಗಿ ಜೋಡಿಸಿಕೊಡುವುದಷ್ಟೇ ಅದರ ಕೆಲಸ, ಮತ್ತು ಆ ಕಡತವೂ ಡಿಸ್ಕಿನಲ್ಲಿ ಬರೆದಿಟ್ಟದ್ದಲ್ಲ, ಯಾರಾದರೂ ಓದಲು ತೆರೆದ ಕ್ಷಣದಲ್ಲಿ ಕರ್ನಲ್ ಸಿದ್ಧಪಡಿಸಿ ಒಪ್ಪಿಸುವ ಪಠ್ಯ. ಚಾಲನೆಯಲ್ಲಿರುವ ಪ್ರೋಗ್ರಾಮುಗಳನ್ನು ಕಡತಗಳ ರೂಪದಲ್ಲಿ ತೋರಿಸುವ ಈ ಕಲ್ಪನೆಯನ್ನು 1984ರಲ್ಲಿ ಬೆಲ್ ಲ್ಯಾಬ್ಸ್‌ನ ಟಾಮ್ ಕಿಲಿಯನ್ ಮಂಡಿಸಿದರು. ಯುನಿಕ್ಸ್ ಪರಂಪರೆಯ ಅತ್ಯಂತ ಸುಂದರವಾದ ವಿಚಾರಗಳಲ್ಲಿ ಇದೊಂದು, ಏಕೆಂದರೆ ವ್ಯವಸ್ಥೆಯ ಒಳಗುಟ್ಟನ್ನು ತಿಳಿಯಲು ಪಠ್ಯವನ್ನು ಓದಲು ಬಂದರೆ ಸಾಕು, ಬೇರೆ ಉಪಕರಣ ಬೇಕಿಲ್ಲ.

‘ಮೆಮ್‌ಇನ್ಫೋ’ ಕಡತದ ಮೊದಲ ಸಾಲು ಒಟ್ಟು ಮೆಮೊರಿಯದು. ಇದು ಅಂಗಡಿಯಲ್ಲಿ ಕೊಂಡ ರ‍್ಯಾಮ್‌ಗಿಂತ ಸ್ವಲ್ಪ ಕಡಿಮೆ ಇರುತ್ತದೆ, ಏಕೆಂದರೆ ಯಂತ್ರವನ್ನು ಎಬ್ಬಿಸುವ ಫರ್ಮ್‌ವೇರ್, ಮದರ್‌ಬೋರ್ಡಿನಲ್ಲೇ ಇರುವ ಗ್ರಾಫಿಕ್ಸ್ ಮತ್ತು ಕರ್ನಲ್‌ನ ಸ್ವಂತ ಸಂಕೇತಗಳು ತಮ್ಮ ಪಾಲನ್ನು ಮೊದಲೇ ಕಾದಿರಿಸಿಕೊಂಡಿರುತ್ತವೆ.

ಗೊಂದಲ ಹುಟ್ಟುವುದು ಖಾಲಿ ಮೆಮೊರಿಯ ಅಂಕಿಯಲ್ಲಿ. 4 ಗಿಗಾಬೈಟ್ ರ‍್ಯಾಮ್ ಇರುವ ಕಂಪ್ಯೂಟರಿನಲ್ಲಿ ಒಟ್ಟು 3.7, ಖಾಲಿ ಕೇವಲ 0.2, ಬಫರ್ ಮತ್ತು ಕ್ಯಾಶ್ 2.3, ಲಭ್ಯ 2.2 ಎಂದು ಕಂಡರೆ, 0.2 ಅನ್ನು ಮಾತ್ರ ನೋಡಿದವರು ಯಂತ್ರ ಉಸಿರುಗಟ್ಟಿದೆ ಎಂದು ಗಾಬರಿಗೊಳ್ಳುತ್ತಾರೆ; ವಾಸ್ತವದಲ್ಲಿ ಅದು ಆರೋಗ್ಯವಾಗಿಯೇ ಇದೆ. ಡಿಸ್ಕಿನಿಂದ ಒಮ್ಮೆ ಓದಿದ ಕಡತಗಳನ್ನು ಮತ್ತೆ ಬೇಕಾದೀತೆಂದು ಬಳಕೆಯಿಲ್ಲದ ರ‍್ಯಾಮ್‌ನಲ್ಲಿ ಉಳಿಸಿಕೊಳ್ಳುವುದಕ್ಕೆ ಪೇಜ್ ಕ್ಯಾಶ್ ಎಂದು ಹೆಸರು, ಮತ್ತು ಹೊಸ ಪ್ರೋಗ್ರಾಮು ಜಾಗ ಕೇಳಿದ ಕೂಡಲೇ ಕರ್ನಲ್ ಈ ಉಳಿಕೆಯ ಬಹುಭಾಗವನ್ನು ಬಿಟ್ಟುಕೊಡುತ್ತದೆ. ಕಣ್ವ ಜಲಾಶಯದಲ್ಲಿ ನೀರು ನಿಂತಿರುವುದನ್ನು ಕಂಡು ಯಾವ ರೈತನೂ ಮರುಗದಂತೆ, ರ‍್ಯಾಮ್ ತುಂಬಿರುವುದನ್ನು ಕಂಡು ಮರುಗಬೇಕಾಗಿಲ್ಲ. ಏನೂ ಇಲ್ಲದೆ ಬಿದ್ದಿರುವ ರ‍್ಯಾಮ್‌ನಿಂದ ಯಾರಿಗೂ ಉಪಯೋಗವಿಲ್ಲ.

ಹಿಂದೆ ಬಲ್ಲವರು ಖಾಲಿ ಮತ್ತು ಕ್ಯಾಶ್ ಎರಡನ್ನೂ ಕೂಡಿ ಲಭ್ಯವಿರುವುದನ್ನು ಅಂದಾಜಿಸುತ್ತಿದ್ದರು. ಆ ಕೂಡಿಕೆಯೂ ಪೂರ್ತಿ ಸರಿಯಲ್ಲ, ಏಕೆಂದರೆ ಪ್ರೋಗ್ರಾಮುಗಳು ಪರಸ್ಪರ ಹಂಚಿಕೊಂಡ ಮೆಮೊರಿ ಮತ್ತು ರ‍್ಯಾಮ್‌ನಲ್ಲೇ ಇರುವ ತಾತ್ಕಾಲಿಕ ಕಡತಗಳು ಕ್ಯಾಶ್‌ನ ಲೆಕ್ಕಕ್ಕೆ ಸೇರಿದ್ದರೂ ಅವನ್ನು ಸುಮ್ಮನೆ ಎಸೆಯಲಾಗದು. ಈ ಕೊರತೆಯನ್ನು ತುಂಬಲೆಂದು 2014ರ ಮಾರ್ಚ್‌ನಲ್ಲಿ ಬಿಡುಗಡೆಯಾದ 3.14ನೆಯ ಕರ್ನಲ್‌ನಲ್ಲಿ ‘ಮೆಮ್‌ಅವೇಲಬಲ್’ ಎಂಬ ಹೊಸ ಸಾಲು ಸೇರಿತು. ಡಿಸ್ಕಿನ ಆಸರೆ ಬೇಡದೆ ಹೊಸ ಪ್ರೋಗ್ರಾಮುಗಳಿಗೆ ಎಷ್ಟು ಜಾಗ ಸಿಗಬಹುದೆಂಬ ಕರ್ನಲ್‌ನದೇ ಅಂದಾಜು ಅದು. ನಿತ್ಯದ ಬಳಕೆಗೆ ಒಂದೇ ಅಂಕಿಯನ್ನು ನೋಡುವುದಾದರೆ ನೋಡಬೇಕಾದದ್ದು ಇದನ್ನೇ.

ಇಷ್ಟಾದರೂ ಕ್ಯಾಶ್ ಖಾಲಿ ಮಾಡುವ ಚಟ ನಿಂತಿಲ್ಲ. ‘ಡ್ರಾಪ್ ಕ್ಯಾಶಸ್’ ಎಂಬ ಕಡತಕ್ಕೆ 3 ಎಂದು ಬರೆದು ಗಂಟೆಗೊಮ್ಮೆ ಮೆಮೊರಿ ತೊಳೆಯುವ ಏರ್ಪಾಡನ್ನು ಕೆಲವರು ಸರ್ವರುಗಳಲ್ಲಿ ಮಾಡಿಡುತ್ತಾರೆ. ಪ್ರಯೋಗ, ಪರೀಕ್ಷೆಗಳಿಗೆ ಇದು ಉಪಯುಕ್ತವೇ ಹೊರತು ದಿನಬಳಕೆಗೆ ಕೇಡು, ಏಕೆಂದರೆ ಎಸೆದ ಕಡತಗಳನ್ನೇ ಮರುಕ್ಷಣ ನಿಧಾನಗತಿಯ ಡಿಸ್ಕಿನಿಂದ ಮತ್ತೆ ತರಬೇಕಾಗುತ್ತದೆ. ಮೊಬೈಲಿನ ರ‍್ಯಾಮ್ ಕ್ಲೀನರ್ ಆ್ಯಪ್‌ಗಳ ದೋಷವೂ ಇದೇ ಜಾತಿಯದು: ಅವು ಮುಚ್ಚಿಸಿದ ಪ್ರೋಗ್ರಾಮುಗಳು ಮತ್ತೆ ಮೊದಲಿನಿಂದ ಏಳಬೇಕಾಗಿ ಬ್ಯಾಟರಿಯೂ ಸಮಯವೂ ನಷ್ಟವಾಗುತ್ತವೆ.

ನಿಜವಾದ ಕೊರತೆಯ ಗುರುತು ಬೇರೆಡೆ ಇದೆ. ರ‍್ಯಾಮ್ ಸಾಲದಾದಾಗ ಅದರಲ್ಲಿನ ಪುಟಗಳನ್ನು, ಅಂದರೆ ಮೆಮೊರಿಯ ಸಮಗಾತ್ರದ ತುಂಡುಗಳನ್ನು, ಡಿಸ್ಕಿನ ಮೀಸಲು ಜಾಗಕ್ಕೆ ಸಾಗಿಸಿ ಮತ್ತೆ ತರುವುದಕ್ಕೆ ಸ್ವಾಪ್ ಎನ್ನುತ್ತಾರೆ. ‘ವಿಎಂಸ್ಟ್ಯಾಟ್ 1’ ಎಂಬ ಆಜ್ಞೆ ಕ್ಷಣಕ್ಷಣಕ್ಕೂ ಒಂದು ಸಾಲು ಮುದ್ರಿಸುತ್ತ ‘ಎಸ್‌ಐ’, ‘ಎಸ್‌ಒ’ ಎಂಬ ಕಂಬಗಳಲ್ಲಿ ಈ ಸಾಗಾಟವನ್ನು ತೋರಿಸುತ್ತದೆ. ಮೊದಲ ಸಾಲು ಯಂತ್ರ ಎದ್ದಾಗಿನಿಂದ ಈವರೆಗಿನ ಸರಾಸರಿಯಾದ್ದರಿಂದ ಅದನ್ನು ಬಿಟ್ಟು ಉಳಿದವನ್ನು ಗಮನಿಸಬೇಕು. ಆ ಕಂಬಗಳು ಸೊನ್ನೆಯಲ್ಲೇ ನಿಂತಿದ್ದರೆ ಚಿಂತೆಯಿಲ್ಲ, ನಿರಂತರವಾಗಿ ಏರಿಯೇ ಇದ್ದರೆ ರ‍್ಯಾಮ್ ಸಾಲದು.

ಯುನಿಕ್ಸ್ ಕುಲದ ಇತರ ವ್ಯವಸ್ಥೆಗಳಲ್ಲಿ ದಾರಿ ಬೇರೆ. ಮ್ಯಾಕ್‌ನಲ್ಲಿ ಒಟ್ಟು ಮೆಮೊರಿಯನ್ನು ‘ಸಿಸ್‌ಕಂಟ್ರೋಲ್’ ಆಜ್ಞೆಯೂ ಹಂಚಿಕೆಯನ್ನು ‘ವಿಎಂ ಸ್ಟ್ಯಾಟ್’ ಆಜ್ಞೆಯೂ ತಿಳಿಸುತ್ತವೆ; ಎರಡನೆಯದರ ಉತ್ತರ ಪುಟಗಳ ಎಣಿಕೆಯಲ್ಲಿ ಬರುವುದರಿಂದ ಇಂಟೆಲ್ ಯಂತ್ರದಲ್ಲಿ 4,096ರಿಂದಲೂ ಆ್ಯಪಲ್‌ನ ಸ್ವಂತ ಚಿಪ್ ಇರುವ ಯಂತ್ರದಲ್ಲಿ 16,384ರಿಂದಲೂ ಗುಣಿಸಿದರೆ ಬೈಟುಗಳ ಲೆಕ್ಕ ಸಿಗುತ್ತದೆ. ಫ್ರೀಬಿಎಸ್‌ಡಿಯಲ್ಲಿ ‘ಟಾಪ್’ ಆಜ್ಞೆಯ ಮೇಲ್ಸಾಲೇ ಸಾಕು.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದಲ್ಲಿ ಯುನಿಕ್ಸ್ ಪ್ರೋಗ್ರಾಮಿಂಗ್ ಒಂದು ಇಡೀ ವಿಷಯವಾಗಿತ್ತು. ಅಂಥ ಪಾಠ ಹೇಳುವ ಅಧ್ಯಾಪಕರು ‘ಮೆಮ್‌ಇನ್ಫೋ’ ಕಡತವನ್ನು ತರಗತಿಯಲ್ಲಿ ತೆರೆದು, ದೊಡ್ಡ ಕಡತವೊಂದನ್ನು ಓದಿಸುವ ಮೊದಲು ಮತ್ತು ಓದಿಸಿದ ನಂತರ ಕ್ಯಾಶ್‌ನ ಸಾಲು ಹೇಗೆ ಬದಲಾಯಿತೆಂದು ವಿದ್ಯಾರ್ಥಿಗಳಿಂದಲೇ ಬರೆಸಬೇಕು.