ಮರೆತವರು ಯಾರು?
(ಸೆವೆಲ್ಲರ ವಿಜಯನಗರ ಗ್ರಂಥವನ್ನು ಕುರಿತು)

ರಾಬರ್ಟ್ ಸೆವೆಲ್ಲರ ‘ಎ ಫರ್ಗಾಟನ್ ಎಂಪೈರ್’, ಎಂದರೆ ‘ಮರೆತುಹೋದ ಸಾಮ್ರಾಜ್ಯ’, 1900ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ವಿಜಯನಗರದ ವಿಷಯವಾಗಿ ನಾವು ಕನ್ನಡಿಗರು ಇಂದಿಗೂ ಆಡುವ ಮಾತುಗಳಲ್ಲಿ ಬಹುಪಾಲು, ತಿಳಿದೋ ತಿಳಿಯದೆಯೋ, ಈ ಗ್ರಂಥದ ಪುಟಗಳಿಂದ ಬಂದವು. ಬೀದಿಯಲ್ಲಿ ಮುತ್ತುರತ್ನ ಮಾರುತ್ತಿದ್ದರೆಂಬ ಹೆಮ್ಮೆಯೂ, ಒಂದೇ ದಿನದ ಕಾಳಗದಲ್ಲಿ ಸರ್ವಸ್ವವೂ ಮುಗಿಯಿತೆಂಬ ನಿಟ್ಟುಸಿರೂ ಅದರಲ್ಲಿ ಒಟ್ಟಿಗೇ ಇವೆ.

ಹೈದರಾಬಾದಿನಲ್ಲಿ ನೆಲೆಸಿರುವ ನಮಗೆ ಈ ಪುಸ್ತಕ ಇತರರಿಗಿಂತ ಹೆಚ್ಚು ಕಷ್ಟ ಕೊಡುತ್ತದೆ. ರಜೆಯಲ್ಲಿ ಹಂಪಿಗೆ ಹೋಗಿಬಂದ ಮಕ್ಕಳು ಮುಂದಿನ ಭಾನುವಾರ ಗೋಲ್ಕೊಂಡದ ಕೋಟೆ ಹತ್ತುತ್ತಾರೆ. ಅಷ್ಟು ದೊಡ್ಡ ರಾಜ್ಯ ಒಂದು ದಿನದಲ್ಲಿ ಹೇಗೆ ಬಿತ್ತು? ಅಷ್ಟೊಂದು ಕುದುರೆಗಳನ್ನು ಎಲ್ಲಿಂದ ತಂದರು? ಈ ಕೋಟೆಯವರೇ ಹಂಪಿಯನ್ನು ಕೆಡವಿದವರಲ್ಲವೇ, ಹಾಗಾದರೆ ನಾವು ಶತ್ರುಗಳ ಊರಿನಲ್ಲಿ ಇದ್ದೇವೆಯೇ? ಇವು ಮಕ್ಕಳ ಪ್ರಶ್ನೆಗಳೆಂದು ತಳ್ಳಿಹಾಕುವಂತಿಲ್ಲ. ಗ್ರಂಥದ ಗುಣದೋಷಗಳನ್ನು ಈ ಪ್ರಶ್ನೆಗಳಿಂದಲೇ ಅಳೆಯುವುದು ಉಚಿತವೆಂದು ನಮಗೆ ತೋರುತ್ತದೆ.

ಮೊದಲು ಗುಣ. ಸೆವೆಲ್ಲರು ಮದರಾಸು ಸಿವಿಲ್ ಸರ್ವಿಸಿನ ಅಧಿಕಾರಿಗಳು. ಡೊಮಿಂಗೊ ಪಾಯೆಸ್ ಮತ್ತು ಫೆರ್ನಾವೊ ನ್ಯೂನಿಜ್ ಎಂಬ ಇಬ್ಬರು ಪೋರ್ಚುಗೀಸರು ವಿಜಯನಗರವನ್ನು ಕಂಡು ಬರೆದಿಟ್ಟ ವೃತ್ತಾಂತಗಳು ಪ್ಯಾರಿಸಿನ ಗ್ರಂಥಾಲಯದಲ್ಲಿದ್ದವು. ಡೇವಿಡ್ ಲೋಪೆಸ್ ಎಂಬ ವಿದ್ವಾಂಸರು ಅವನ್ನು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದರು. ಮೂರೇ ವರ್ಷಗಳಲ್ಲಿ ಸೆವೆಲ್ಲರು ಎರಡನ್ನೂ ಇಂಗ್ಲಿಷಿಗೆ ತಂದು, ಶಾಸನಗಳನ್ನೂ ಪಾರ್ಸಿ ಇತಿಹಾಸಕಾರ ಫೆರಿಷ್ತಾನ ಬರಹವನ್ನೂ ಜೋಡಿಸಿ, ಕ್ರಮವಾದ ಚರಿತ್ರೆಯೊಂದನ್ನು ಕಟ್ಟಿದರು. ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ 1917ರಲ್ಲಿ ಹೊರಬಂದದ್ದೂ, 1936ರಲ್ಲಿ ವಿಜಯನಗರದ ಆರುನೂರನೆಯ ವರ್ಷದ ಸ್ಮಾರಕ ಸಂಪುಟ ಧಾರವಾಡದಲ್ಲಿ ಪ್ರಕಟವಾದದ್ದೂ ಈ ಅಡಿಪಾಯ ಬಿದ್ದ ಮೇಲೆಯೇ. ಆ ಋಣವನ್ನು ಅಲ್ಲಗಳೆಯಲಾಗದು.

ಕುದುರೆಯ ಪ್ರಶ್ನೆಗೆ ಗ್ರಂಥದಲ್ಲಿ ಚೆನ್ನಾದ ಉತ್ತರವಿದೆ, ಆದರೆ ಅದು ಸೆವೆಲ್ಲರ ಮಾತಿನಲ್ಲಿಲ್ಲ, ನ್ಯೂನಿಜನ ಮಾತಿನಲ್ಲಿದೆ. ನ್ಯೂನಿಜ್ ತಾನೇ ಕುದುರೆ ವ್ಯಾಪಾರಿ. ಅರಸನು ವರ್ಷಕ್ಕೆ 13,000 ಕುದುರೆಗಳನ್ನು, ಹೊರ್ಮುಜಿನವನ್ನೂ ದೇಶೀ ತಳಿಯವನ್ನೂ ಸೇರಿಸಿ, ಕೊಳ್ಳುತ್ತಿದ್ದನೆಂದು ಆತ ಬರೆಯುತ್ತಾನೆ. ಸಾಳುವ ನರಸಿಂಹನಂತೂ ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ! ಇದನ್ನು ಅರಸನ ಔದಾರ್ಯವೆಂದು ಓದಿದರೆ ತಪ್ಪಾದೀತು. ನಮ್ಮ ದಕ್ಷಿಣದ ಹವೆ ಮತ್ತು ಮೇವು ಯುದ್ಧದ ಕುದುರೆಗೆ ಒಗ್ಗುತ್ತಿರಲಿಲ್ಲ. ಹದಿಮೂರನೆಯ ಶತಮಾನದಲ್ಲಿ ಬಂದ ಮಾರ್ಕೊ ಪೋಲೊ ಕೂಡ ತಮಿಳು ನಾಡಿನ ಅರಸರು ವರ್ಷವರ್ಷವೂ ಕುದುರೆ ತರಿಸುವುದನ್ನೂ, ಅವು ಬಾಳದೆ ಸಾಯುವುದನ್ನೂ ಹೇಳಿದ್ದಾನೆ. ಸಮುದ್ರದ ಅಪಾಯವನ್ನು ಅರಸನೇ ಹೊತ್ತುಕೊಳ್ಳದಿದ್ದರೆ ವರ್ತಕನು ಹಡಗು ಹತ್ತಿಸುತ್ತಿರಲಿಲ್ಲ. ಇಂದಿನ ಮಾತಿನಲ್ಲಿ ಅದು ವಿಮೆ.

1510ರಲ್ಲಿ ಪೋರ್ಚುಗೀಸರು ಬಿಜಾಪುರದಿಂದ ಗೋವೆಯನ್ನು ಕಿತ್ತುಕೊಂಡ ಮೇಲೆ ಈ ವ್ಯಾಪಾರದ ಬಾಗಿಲು ಅವರ ಕೈಗೆ ಹೋಯಿತು. 1520ರ ರಾಯಚೂರು ಯುದ್ಧದಲ್ಲಿ ಕೃಷ್ಣದೇವರಾಯನ ಪರವಾಗಿ ಕೋಟೆಗೋಡೆಯ ಮೇಲಿದ್ದವರಿಗೆ ಗುರಿಯಿಟ್ಟವರಲ್ಲಿ ಪೋರ್ಚುಗೀಸ್ ಬಂದೂಕುಗಾರರಿದ್ದರು. ನಮ್ಮಲ್ಲಿ ಅನೇಕರ ಹುಟ್ಟೂರಾದ ರಾಯಚೂರಿನ ಕೋಟೆಯು ಹೀಗೆ ಪ್ರಪಂಚದ ವ್ಯಾಪಾರಕ್ಕೆ ಗಂಟು ಬಿದ್ದಿತ್ತು. ಈ ಸಾಮಗ್ರಿಯೆಲ್ಲ ಕೈಯಲ್ಲಿದ್ದೂ ಸೆವೆಲ್ಲರು ಅರಸರ ಪಟ್ಟಿ ಮತ್ತು ಕಾಳಗಗಳ ಕಡೆಗೇ ಹೆಚ್ಚು ಗಮನ ಕೊಟ್ಟರು. ಇದು ಗ್ರಂಥದ ಮೊದಲನೆಯ ಕೊರತೆ.

ಎರಡನೆಯದು ಇದಕ್ಕಿಂತ ದೊಡ್ಡದು. ವಿಜಯನಗರವೆಂದರೆ ಉತ್ತರದ ಮುಸಲ್ಮಾನರನ್ನು ತಡೆದು ನಿಂತ ಹಿಂದೂ ಕೋಟೆಗೋಡೆ ಎಂಬ ಚಿತ್ರವನ್ನು ಅವರು ಮೊದಲಲ್ಲೇ ಬರೆದುಬಿಡುತ್ತಾರೆ. ಮುಂದಿನ ಪುಟಗಳ ಸಂಗತಿಗಳು ಆ ಚಿತ್ರಕ್ಕೆ ಹೊಂದುವುದಿಲ್ಲ. ಎರಡನೆಯ ದೇವರಾಯನು ಮುಸಲ್ಮಾನರನ್ನು ಸೈನ್ಯಕ್ಕೆ ಸೇರಿಸಿಕೊಂಡು, ಅವರ ವಂದನೆಗಾಗಿ ಸಿಂಹಾಸನದ ಮುಂದೆ ಕುರಾನನ್ನು ಇರಿಸಿದ್ದನೆಂದು ಫೆರಿಷ್ತಾನಿಂದ ಎತ್ತಿ ಹೇಳುವವರು ಸ್ವತಃ ಸೆವೆಲ್ಲರೇ. ಅದೇ ಅರಸನ ಶ್ರೇಯಸ್ಸಿಗಾಗಿ ಅಹಮದ್ ಖಾನನು 1439ರಲ್ಲಿ ಕಟ್ಟಿಸಿದ ಧರ್ಮಸಾಲೆ ಹಂಪಿಯಲ್ಲಿ ಇಂದಿಗೂ ಇದೆ.

ಇನ್ನು ನಮ್ಮ ಗೋಲ್ಕೊಂಡ. ಅಳಿಯ ರಾಮರಾಯನು ಯೌವನದಲ್ಲಿ ಗೋಲ್ಕೊಂಡದ ಸುಲ್ತಾನ್ ಕುಲಿಯ ಸೇವೆಯಲ್ಲಿದ್ದನೆಂದು ಇಲ್ಲಿಯ ಪಾರ್ಸಿ ಚರಿತ್ರೆಯೊಂದು ಹೇಳುತ್ತದೆ. ಸುಲ್ತಾನ್ ಕುಲಿಯ ಮಗ ಇಬ್ರಾಹಿಂನು ಅಣ್ಣನಿಗೆ ಹೆದರಿ ಓಡಿದಾಗ, 1543ರಿಂದ 1550ರವರೆಗೆ ಏಳು ವರ್ಷ ಆಶ್ರಯ ಕೊಟ್ಟವನು ಇದೇ ರಾಮರಾಯ. ಮರಳಿ ಬಂದು ಪಟ್ಟವೇರಿದ ಇಬ್ರಾಹಿಂ ಕುತುಬ್ ಶಹನು ತೆಲುಗು ಕವಿಗಳಿಗೆ ಆಸರೆಯಾಗಿ ‘ಮಲ್ಕಿಭರಾಮ’ನೆನಿಸಿಕೊಂಡ. ಹುಸೇನ್ ಸಾಗರವೂ ಮೂಸಿ ನದಿಯ ಪುರಾನಾ ಪೂಲ್ ಸೇತುವೆಯೂ ಆತನ ಕಾಲದವು. 1591ರಲ್ಲಿ ಹೈದರಾಬಾದನ್ನು ಕಟ್ಟಿದವನು ಆತನ ಮಗ.

ಹಾಗಿದ್ದ ಇಬ್ರಾಹಿಂನೇ 1565ರ ಜನವರಿ 23ರಂದು ರಾಮರಾಯನ ವಿರುದ್ಧ ಏಕೆ ನಿಂತ? ಉಂಡ ಮನೆಗೆ ಎರಡು ಬಗೆದನೆನ್ನುವುದು ಸುಲಭ. ಆದರೆ ರಾಮರಾಯನು ವರ್ಷಗಟ್ಟಲೆ ಒಬ್ಬ ಸುಲ್ತಾನನನ್ನು ಇನ್ನೊಬ್ಬನ ಮೇಲೆ ಎತ್ತಿಕಟ್ಟಿ, ಅಹಮದನಗರದ ಮೇಲೆ ದಂಡೆತ್ತಿ, ಗೋಲ್ಕೊಂಡದಿಂದ ಪಾನಗಲ್ ಮೊದಲಾದ ಕೋಟೆಗಳನ್ನು ಕಸಿದುಕೊಂಡಿದ್ದ. ಪ್ರತಿಯೊಬ್ಬನಿಗೂ ಆತನ ಮೇಲೆ ಒಂದೊಂದು ಹಳೆಯ ಬಾಕಿಯಿತ್ತು. ಎಲ್ಲರೂ ಕೂಡಿ ಅದನ್ನು ತೀರಿಸಿಕೊಂಡರು. ಧರ್ಮದ ಮಾತು ಆ ಕೂಟದಲ್ಲಿ ಕೇಳಿಬಂದಿರಬಹುದು. ಗಡಿ, ಕೋಟೆ, ಕಪ್ಪಗಳ ಲೆಕ್ಕವೇ ಅದಕ್ಕಿಂತ ಮುಂದೆ ನಡೆಯಿತು. ಅಮೆರಿಕದ ಇತಿಹಾಸಕಾರ ರಿಚರ್ಡ್ ಈಟನ್ನರು 2005ರ ತಮ್ಮ ದಖ್ಖನ್ನಿನ ಗ್ರಂಥದಲ್ಲಿ ರಾಮರಾಯನನ್ನು ಈ ನೆಲೆಯಲ್ಲಿಯೇ ನೋಡಿದ್ದಾರೆ. ಗಿರೀಶ ಕಾರ್ನಾಡರ ಕೊನೆಗಾಲದ ನಾಟಕ ‘ರಾಕ್ಷಸ-ತಂಗಡಿ’ಯ ಕೇಂದ್ರವೂ ರಾಮರಾಯನೇ.

ಹಂಪಿಯ ನಾಶದ ವರ್ಣನೆ ಸೆವೆಲ್ಲರ ಲೇಖನಿಯ ಅತ್ಯಂತ ಬಲವಾದ ಭಾಗ. ಹಾಗೆಯೇ ಎಚ್ಚರದಿಂದ ಓದಬೇಕಾದ ಭಾಗ. ಲೂಟಿ ನಡೆದದ್ದು ಸುಳ್ಳಲ್ಲ, ದೇವಾಲಯಗಳು ಕೆಟ್ಟದ್ದೂ ಸುಳ್ಳಲ್ಲ. ಅದನ್ನು ಮರೆಮಾಚಿ ಮಕ್ಕಳಿಗೆ ಸಿಹಿಮಾತು ಹೇಳುವುದು ನಮಗೆ ಸಮ್ಮತವಿಲ್ಲ. ಆದರೆ ಎರಡು ವರ್ಷಗಳ ಮೇಲೆ ಬಂದು ತಿಂಗಳುಗಟ್ಟಲೆ ತಂಗಿದ್ದ ವೆನಿಸ್ಸಿನ ವರ್ತಕ ಸೀಸರ್ ಫ್ರೆಡರಿಕನು ಊರು ಪೂರ್ತಿ ನಾಶವಾಗಿಲ್ಲ, ಮನೆಗಳು ನಿಂತಿವೆ, ಜನರಿಲ್ಲ ಎಂದು ಬರೆದಿದ್ದಾನೆ. ರಾಮರಾಯನ ತಮ್ಮ ತಿರುಮಲನು ಗೋವೆಯ ವರ್ತಕರಿಂದ ಕುದುರೆ ತರಿಸಿಕೊಂಡು ಹಣ ಕೊಡದೆ ಕಳಿಸಿದ ಸಂಗತಿಯನ್ನೂ ಆತನೇ ತಿಳಿಸುತ್ತಾನೆ. ಸತ್ತ ಕುದುರೆಗೂ ಬೆಲೆ ಕೊಟ್ಟ ರಾಜ್ಯ ಬದುಕಿದ ಕುದುರೆಗೂ ಕೊಡಲಾರದೆ ಹೋಯಿತು! ಊರು ಹಾಳಾದದ್ದು ಬೆಂಕಿಯಿಂದ ಮಾತ್ರವಲ್ಲ, ಅರಸು ಪೆನುಗೊಂಡೆಗೆ ಹೋದದ್ದರಿಂದ, ಕೊಳ್ಳುವವನಿಲ್ಲದೆ ಪೇಟೆ ಬರಿದಾದದ್ದರಿಂದ. ವಿಜಯನಗರ ಬಿದ್ದ ಮೇಲೆ ಗೋವೆಯ ವ್ಯಾಪಾರವೂ ಕುಗ್ಗಿತೆಂಬುದಕ್ಕೆ ಸೆವೆಲ್ಲರೇ ಸಾಕ್ಷ್ಯ ಒದಗಿಸಿದ್ದಾರೆ. ಗೆದ್ದವರಾದರೂ ಎಷ್ಟು ದಿನ ಉಳಿದರು? ಬಿಜಾಪುರ 1686ರಲ್ಲಿ, ಗೋಲ್ಕೊಂಡ 1687ರಲ್ಲಿ ಔರಂಗಜೇಬನ ಪಾಲಾದವು.

ಕೊನೆಗೆ ಹೆಸರಿನ ಮಾತು. ಮರೆತವರು ಯಾರು? ವಿರೂಪಾಕ್ಷನ ಪೂಜೆ ಇಂದಿಗೂ ನಡೆದಿದೆ. ವಿಜಯನಗರದ ನವರಾತ್ರಿಯನ್ನು 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ನಮ್ಮ ಮನೆಗಳ ಗೊಂಬೆಹಬ್ಬದಲ್ಲಿ ಪಟ್ಟದ ಗೊಂಬೆಗಳು ಇನ್ನೂ ಕೂರುತ್ತವೆ. 1639ರಲ್ಲಿ ಇಂಗ್ಲಿಷರಿಗೆ ಮದರಾಸಿನ ನೆಲವನ್ನು ಕೊಟ್ಟವನು ವಿಜಯನಗರದ ಅರಸರಿಗೆ ಅಧೀನನಾಗಿದ್ದ ನಾಯಕ. ಸೆವೆಲ್ಲರು ಸಂಬಳ ಪಡೆದ ಸರ್ಕಾರದ ಮೊದಲ ಅಂಗುಲ ನೆಲಕ್ಕೇ ಆ ರಾಜ್ಯದ ಹೆಸರು ಅಂಟಿಕೊಂಡಿರುವಾಗ, ಅದು ಮರೆತುಹೋಗಿದ್ದುದು ಲಂಡನ್ನಿನ ಓದುಗರಿಗೆ ಹೊರತು ನಮಗಲ್ಲ.

ಆದುದರಿಂದ ಈ ಗ್ರಂಥವನ್ನು ಕೆಳಗಿಡಬೇಕೆಂದು ನಾವು ಹೇಳುವುದಿಲ್ಲ. ಪಾಯೆಸ್, ನ್ಯೂನಿಜರ ಭಾಗವನ್ನು ಮೊದಲು ಓದಿ, ಸೆವೆಲ್ಲರ ತೀರ್ಪನ್ನು ಆಮೇಲೆ ಓದಿರೆಂದಷ್ಟೇ ನಮ್ಮ ಸೂಚನೆ. ಶತ್ರುಗಳ ಊರೇ ಎಂದು ಮಕ್ಕಳು ಕೇಳಿದರೆ ಹುಸೇನ್ ಸಾಗರದ ಕಟ್ಟೆಯ ಮೇಲೆ ನಿಲ್ಲಿಸಿ ಹೇಳೋಣ: ಈ ಕೆರೆಯ ಕಾಲದ ಅರಸನು ಏಳು ವರ್ಷ ನಮ್ಮ ವಿಜಯನಗರದ ಅನ್ನ ಉಂಡವನು, ಕೊನೆಗೆ ಅದರ ಮೇಲೆ ಯುದ್ಧಕ್ಕೂ ಹೋದವನು. ಎರಡೂ ನಿಜ. ಎರಡನ್ನೂ ಹೇಳುವಷ್ಟು ಸತ್ಯನಿಷ್ಠೆ ನಮಗಿದ್ದರೆ, ಕೇಳಿ ಅರ್ಥ ಮಾಡಿಕೊಳ್ಳುವಷ್ಟು ಬುದ್ಧಿ ಮಕ್ಕಳಿಗಿದೆ.