ಪ್ರಕಟಣೆಗಳ ಪಟ್ಟಿ ಮತ್ತು ಪ್ರಶ್ನೆಯ ಸಾತತ್ಯ: ಹಾರ್ಮೋನು ಸಂಶೋಧನೆ, ವೈದ್ಯಕೀಯ ಶಿಕ್ಷಣ ಮತ್ತು ಕಲಬುರಗಿ ಸೀಮೆ

ವೈದ್ಯಕೀಯ ಅಧ್ಯಾಪಕರ ಸಂಶೋಧನಾ ಸಾಧನೆಯನ್ನು ಅವರ ಪ್ರಕಟಣೆಗಳ ಪಟ್ಟಿಯಿಂದ ಅಳೆಯುವುದು ರೂಢಿಯಾಗಿದೆ. ಭಾರತೀಯ ವೈದ್ಯಕೀಯ ಪರಿಷತ್ತು 2015ರಲ್ಲಿ ಬಡ್ತಿಗಾಗಿ ನಿಗದಿತ ಸೂಚಿಗಳಲ್ಲಿ ದಾಖಲಾದ ಪತ್ರಿಕೆಗಳ ಮೂಲ ಲೇಖನಗಳನ್ನು ಮಾತ್ರ, ಅದರಲ್ಲಿಯೂ ಮೊದಲ ಇಬ್ಬರು ಲೇಖಕರಿಗೆ ಮಾತ್ರ, ಪರಿಗಣಿಸಬೇಕೆಂದು ವಿಧಿಸಿತು. 2020ರಲ್ಲಿ ಅದರ ಸ್ಥಾನಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ನಿಯಮಗಳನ್ನು ಪರಿಷ್ಕರಿಸಿತಾದರೂ ಲೇಖನಗಳ ಎಣಿಕೆಯನ್ನು ಕೈಬಿಡಲಿಲ್ಲ. ಆಡಳಿತಕ್ಕೆ ಎಣಿಕೆ ಅನುಕೂಲಕರ. ವಿಮರ್ಶೆಗೆ ಅದು ಸಾಲದು. ಲೇಖನಗಳು ಒಂದು ಪ್ರಶ್ನೆಯನ್ನು ಬೆಳೆಸುತ್ತ ಹೋದವೇ, ವಿರುದ್ಧ ಫಲಿತಾಂಶಕ್ಕೆ ತೆರೆದುಕೊಂಡವೇ ಎಂಬುದನ್ನು ವಿಮರ್ಶಕನು ನೋಡಬೇಕಾಗುತ್ತದೆ.

ಕರ್ನಾಟಕದ ಹಾರ್ಮೋನು ಸಂಶೋಧನೆಯಲ್ಲಿ ಇದಕ್ಕೆ ಉತ್ತಮ ನಿದರ್ಶನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್.ಆರ್. ಮೌದ್ಗಲ್ ಅವರದು. 1960ರ ದಶಕದ ಆರಂಭದಲ್ಲಿ ಸಿ.ಎಚ್. ಲೀ ಅವರೊಡನೆ ನಡೆಸಿದ ಅಧ್ಯಯನಗಳಿಂದ ಮೊದಲ್ಗೊಂಡು ಅವರ ಬರಹಗಳ ಹಿಂದೆ ಒಂದೇ ಉಪಾಯವಿದೆ: ಪಿಟ್ಯುಟರಿ ಗ್ರಂಥಿಯ ಒಂದು ಹಾರ್ಮೋನನ್ನು ಪ್ರತಿಕಾಯದಿಂದ ನಿಷ್ಕ್ರಿಯಗೊಳಿಸಿ, ದೇಹದ ಯಾವ ಕಾರ್ಯ ನಿಲ್ಲುತ್ತದೆಂದು ಗಮನಿಸುವುದು. ಈ ಹಾದಿಯಲ್ಲಿ ದಕ್ಷಿಣ ಭಾರತದ ಬಾನೆಟ್ ಕೋತಿಗಳಲ್ಲಿ ಎಫ್‌ಎಸ್‌ಎಚ್ ಎಂಬ ಕೋಶಕ ಪ್ರಚೋದಕ ಹಾರ್ಮೋನನ್ನು ತಡೆದಾಗ ಟೆಸ್ಟೋಸ್ಟಿರೋನ್ ಪ್ರಮಾಣ ಕುಗ್ಗದೆ ವೀರ್ಯಾಣುಗಳ ಸಂಖ್ಯೆ ಕುಗ್ಗಿತು. ಪುರುಷರಿಗೆ ಗರ್ಭನಿರೋಧಕ ಲಸಿಕೆಯೊಂದು ಸಾಧ್ಯವೆಂಬ ನಿರೀಕ್ಷೆ ಇದರಿಂದ ಮೂಡಿ, ಕೆಲವೇ ಸ್ವಯಂಸೇವಕರ ಮೇಲೆ ನಡೆದ ಪ್ರಾಯೋಗಿಕ ಅಧ್ಯಯನದ ವರದಿ 1997ರಲ್ಲಿ ಪ್ರಕಟವಾಯಿತು.

ಅದೇ ವರ್ಷ ವಿರುದ್ಧ ದಿಕ್ಕಿನ ಎರಡು ಸಾಕ್ಷ್ಯಗಳು ಬಂದವು. ಎಫ್‌ಎಸ್‌ಎಚ್ ಇಲ್ಲದಂತೆ ರೂಪಿಸಿದ ಗಂಡು ಇಲಿಗಳು ಸಂತಾನ ಪಡೆದವು. ಫಿನ್ಲೆಂಡಿನಲ್ಲಿ ಈ ಹಾರ್ಮೋನಿನ ಗ್ರಾಹಕದಲ್ಲಿ ಜನ್ಯ ದೋಷವಿದ್ದ ಐವರು ಪುರುಷರಲ್ಲಿ ಇಬ್ಬರು ತಂದೆಯರಾಗಿದ್ದರು. 1998ರಲ್ಲಿಯಾದರೋ, ಹಾರ್ಮೋನಿನಲ್ಲಿಯೇ ದೋಷವಿದ್ದ ಪುರುಷರಲ್ಲಿ ವೀರ್ಯಾಣುಗಳೇ ಕಾಣದಿದ್ದುದು ವರದಿಯಾಯಿತು. ಪ್ರಶ್ನೆ ಜಟಿಲವಾಯಿತೇ ಹೊರತು ಬಿದ್ದುಹೋಗಲಿಲ್ಲ. ಲಸಿಕೆ ಬಳಕೆಗೆ ಬರದಿದ್ದರೂ ಮೌದ್ಗಲ್ ಅವರ ಪ್ರಕಟಣೆಗಳ ಮೌಲ್ಯ ಕುಂದುವುದಿಲ್ಲ; ಅಲ್ಲಗಳೆಯಲು ಸಾಧ್ಯವಾಗುವಷ್ಟು ಸ್ಪಷ್ಟವಾಗಿ ಅವರು ಪ್ರಶ್ನೆಯನ್ನು ಇಟ್ಟಿದ್ದರು.

ಈ ಅಳತೆಗೋಲನ್ನು ಕಲಬುರಗಿಗೆ ಅನ್ವಯಿಸಿದಾಗ ಮತ್ತೊಂದು ಮಾನದಂಡ ಅಗತ್ಯವಾಗುತ್ತದೆ. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯು 1963ರಲ್ಲಿ ಆರಂಭಿಸಿದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಮಹಾವಿದ್ಯಾಲಯದಿಂದ ಈ ಸೀಮೆಯಲ್ಲಿ ವೈದ್ಯಕೀಯ ಬೋಧನೆ ನೆಲೆಗೊಂಡಿತು. ಸೇಡಂ, ವಾಡಿಗಳ ಸಿಮೆಂಟು ಕಾರ್ಖಾನೆಗಳು, ಶಹಾಬಾದದ ಕಲ್ಲುಗಣಿಗಳು, ಚಿತ್ತಾಪುರದ ತೊಗರಿ ಹೊಲಗಳು, ಚಿಂಚೋಳಿಯ ತಾಂಡಾಗಳು ಇದರ ಸುತ್ತಲಿನ ಜನಜೀವನ. ಇಲ್ಲಿಯ ದುಡಿಮೆಯೇ ಹಾರ್ಮೋನು ಶರೀರಕ್ರಿಯಾಶಾಸ್ತ್ರಕ್ಕೆ ಪ್ರಶ್ನೆಗಳನ್ನು ಒಡ್ಡುತ್ತದೆ. ಕಾರ್ಟಿಸೋಲ್ ಸಾಮಾನ್ಯವಾಗಿ ಬೆಳಗಿನ ಎಚ್ಚರದ ವೇಳೆಗೆ ಏರಿ ಮಧ್ಯರಾತ್ರಿಯ ಸುಮಾರಿಗೆ ಇಳಿಯುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದ ವಾಡಿಯ ಕಾರ್ಮಿಕನಿಂದ ಬೆಳಿಗ್ಗೆ ಎಂಟಕ್ಕೆ ತೆಗೆದ ರಕ್ತವನ್ನು, ಆಗಷ್ಟೇ ನಿದ್ದೆಯಿಂದ ಎದ್ದವನ ರಕ್ತದೊಡನೆ ಹೋಲಿಸುವ ಲೇಖನ ಪಾಳಿಯನ್ನು ದಾಖಲಿಸದಿದ್ದರೆ, ಅದರ ಅಂಕಿಗಳು ಎಷ್ಟೇ ನಿಖರವಾಗಿರಲಿ, ಅರ್ಥ ಸಂದಿಗ್ಧವಾಗುತ್ತದೆ. ಹಾಗೆಯೇ ಬಿಸಿಲಿನ ಗಣಿಯಲ್ಲಿ ಬೆವರು ಹರಿಸುವ ದೇಹವು ನೀರನ್ನು ವ್ಯಾಸೊಪ್ರೆಸಿನ್‌ನಿಂದಲೂ ಉಪ್ಪನ್ನು ಆಲ್ಡೋಸ್ಟಿರೋನ್‌ನಿಂದಲೂ ಕಾಯ್ದುಕೊಳ್ಳುತ್ತದೆ. ಪಠ್ಯಪುಸ್ತಕದ ಈ ಅಧ್ಯಾಯಕ್ಕೆ ಶಹಾಬಾದದ ಬೇಸಿಗೆಯೇ ಪ್ರಯೋಗಶಾಲೆ.

ವೈದ್ಯಕೀಯ ಶಿಕ್ಷಣ ಕುರಿತ ಬರಹಗಳಿಗೂ ಇದೇ ನಿಕಷ ಸಲ್ಲುತ್ತದೆ. 2019ರಲ್ಲಿ ಜಾರಿಗೆ ಬಂದ ಸಾಮರ್ಥ್ಯ ಆಧಾರಿತ ಪಠ್ಯಕ್ರಮವು ರೋಗಿಯ ಭಾಷೆಯ ಕಲಿಕೆಗೆ ಸ್ಥಾನ ನೀಡಿತು. ತರುವಾಯ ಸೇರಿದ ಕುಟುಂಬ ದತ್ತು ಕಾರ್ಯಕ್ರಮವು ವಿದ್ಯಾರ್ಥಿಯನ್ನು ಹಳ್ಳಿಯ ಮನೆಗೆ ಕಳುಹಿಸಿತು. ‘ಚಕ್ಕರ್ ಬರ್ತದ, ತ್ರಾಣ ಇಲ್ಲ’ ಎಂಬ ಮಾತಿನಲ್ಲಿ ಸಕ್ಕರೆ ಕಾಯಿಲೆ, ರಕ್ತಹೀನತೆ, ಥೈರಾಯಿಡ್ ಕೊರತೆ ಯಾವುದೂ ಅಡಗಿರಬಹುದು. ಕನ್ನಡ, ದಖ್ಖನಿ ಉರ್ದು, ತೆಲುಗು, ಲಂಬಾಣಿ ಬೆರೆತ ಈ ಸೀಮೆಯಲ್ಲಿ ಅಂತಹ ಮಾತನ್ನು ಬಿಡಿಸಿಕೊಳ್ಳಲು ವಿದ್ಯಾರ್ಥಿ ಹೇಗೆ ಕಲಿಯುತ್ತಾನೆ ಎಂಬುದು ಗಂಭೀರ ಸಂಶೋಧನಾ ವಿಷಯ. ಬೋಧನೆ ವಿದ್ಯಾರ್ಥಿಗಳಿಗೆ ಹಿಡಿಸಿತೇ ಎಂಬ ಪ್ರಶ್ನಾವಳಿಗಳಲ್ಲಿಯೇ ನಿಲ್ಲುವ ಲೇಖನಗಳು ಪಟ್ಟಿಯನ್ನು ಉದ್ದಗೊಳಿಸಬಲ್ಲವು. ರೋಗಿಯ ಮಾತು ವೈದ್ಯನಿಗೆ ತಲುಪಿತೇ ಎಂಬುದನ್ನು ಅವು ಹೇಳಲಾರವು.

ಸಂಶೋಧಕನ ಪ್ರಕಟಣೆಗಳನ್ನು ಗ್ರಂಥಾಲಯಗಳು ವರ್ಷಾನುಕ್ರಮದಲ್ಲಿ ಜೋಡಿಸುವುದು ಸರಿಯೇ. ಅವುಗಳ ಜೊತೆಗೆ ಪ್ರಶ್ನಾನುಕ್ರಮದ ಸೂಚಿಯೊಂದು ಸಿದ್ಧವಾದರೆ, ಯಾವ ಲೇಖನ ಯಾವುದನ್ನು ಮುಂದುವರಿಸಿತು, ಯಾವುದನ್ನು ತಿದ್ದಿತು, ಈ ನೆಲದ ಯಾವ ಪ್ರಶ್ನೆ ಯಾರ ಕೈಗೂ ಸಿಗದೆ ಉಳಿಯಿತು ಎಂಬುದು ಮುಂದಿನ ಸಂಶೋಧಕನಿಗೆ ಗೋಚರಿಸುತ್ತದೆ.