ಮಂತ್ರಿಯ ಮನೆಯೂ ಪತ್ರಿಕೆಯ ಧರ್ಮವೂ

ಅಧಿಕಾರದಲ್ಲಿರುವವರ ಖಾಸಗಿ ಜೀವನದ ಅಪವಾದಗಳನ್ನು ಪತ್ರಿಕೆಗಳು ಬಯಲಿಗೆಳೆಯುವುದು ಉಚಿತವೆ ಎಂಬುದನ್ನು ವಿಚಾರಿಸುವವರು 1963ರಲ್ಲಿ ಬ್ರಿಟನ್ನಿನ ಸರ್ಕಾರವನ್ನೇ ಅಲುಗಿಸಿದ ಪ್ರೊಫ್ಯೂಮೊ ಪ್ರಕರಣವನ್ನು ಕಡೆಗಣಿಸುವಂತಿಲ್ಲ. ಪತ್ರಿಕಾವೃತ್ತಿಯ ಕರ್ತವ್ಯನಿಷ್ಠೆಯೂ ಅದರ ಕ್ರೌರ್ಯವೂ ಅಲ್ಲಿ ಒಟ್ಟೊಟ್ಟಿಗೆ ಗೋಚರಿಸುತ್ತವೆ.

ಮ್ಯಾಕ್‌ಮಿಲನ್ ಸರ್ಕಾರದಲ್ಲಿ ಯುದ್ಧಖಾತೆಯನ್ನು ವಹಿಸಿದ್ದ ಜಾನ್ ಪ್ರೊಫ್ಯೂಮೊ 1961ರ ಬೇಸಗೆಯಲ್ಲಿ ಕ್ಲೈವ್‌ಡನ್ ಎಂಬ ಸಿರಿವಂತರ ಬಂಗಲೆಯಲ್ಲಿ ಹತ್ತೊಂಬತ್ತರ ಹರೆಯದ ಕ್ರಿಸ್ಟೀನ್ ಕೀಲರಳನ್ನು ಕಂಡು ಆಕೆಯ ಸಂಗಕ್ಕೆ ಬಿದ್ದನು. ಇಷ್ಟೇ ಆಗಿದ್ದಲ್ಲಿ ಅದು ಆತನಿಗೂ ಆತನ ಪತ್ನಿಗೂ ಸಂಬಂಧಿಸಿದ ವಿಷಯವಾಗಿರುತ್ತಿತ್ತೇ ಹೊರತು ಲೋಕದ ಚರ್ಚೆಗೆ ಬರತಕ್ಕದ್ದಾಗಿರಲಿಲ್ಲ. ಆದರೆ ಸೋವಿಯತ್ ರಾಯಭಾರ ಕಚೇರಿಯ ನೌಕಾಧಿಕಾರಿ ಇವನೋವನಿಗೂ ಆಕೆಯ ಪರಿಚಯವಿದ್ದುದರಿಂದ, ಶೀತಲ ಸಮರದ ಆ ದಿನಗಳಲ್ಲಿ ಸೇನೆಯ ಹೊಣೆ ಹೊತ್ತವನ ಸ್ನೇಹವು ರಾಜ್ಯದ ಕ್ಷೇಮದ ಪ್ರಶ್ನೆಯಾಯಿತು. ರಹಸ್ಯವೇನೂ ಸೋರಿಲ್ಲವೆಂದು ಮುಂದೆ ನ್ಯಾಯಾಧೀಶ ಡೆನ್ನಿಂಗರ ವಿಚಾರಣೆ ನಿರ್ಣಯಿಸಿತು, ನಿಜ. ಆದರೆ 1963ರ ಮಾರ್ಚ್ 22ರಂದು ಕಾಮನ್ಸ್ ಸಭೆಯಲ್ಲಿ ಎದ್ದು ನಿಂತು ತನ್ನ ನಡತೆಯಲ್ಲಿ ಅನುಚಿತವಾದುದೊಂದೂ ಇಲ್ಲವೆಂದು ನುಡಿದು, ಅಪವಾದವನ್ನು ಸೂಚಿಸಿದ ವಿದೇಶೀ ಪತ್ರಿಕೆಗಳ ಮೇಲೆ ದಾವೆಯನ್ನೂ ಹೂಡಿ, ಜೂನ್ 5ರಂದು ಅದೆಲ್ಲ ಸುಳ್ಳೆಂದೊಪ್ಪಿ ಪದವಿಯನ್ನು ತ್ಯಜಿಸಿದ ಮಂತ್ರಿಯು, ತನ್ನನ್ನು ಆರಿಸಿದ ಪ್ರಜೆಗಳನ್ನೇ ವಂಚಿಸಿದ್ದನು. ಆ ವಂಚನೆಯನ್ನು ಪ್ರಕಟಿಸುವುದು ಪತ್ರಿಕೆಗಳ ಹಕ್ಕು ಮಾತ್ರವಲ್ಲ, ಋಣವೂ ಹೌದು.

ನನ್ನ ಆಕ್ಷೇಪವಿರುವುದು ಅನಂತರದ ನಡೆಯ ಬಗೆಗೆ. ಸುಳ್ಳು ಬಯಲಾದ ಮೇಲೆ ವಿಷಯವು ಮುಗಿಯಬೇಕಾಗಿತ್ತು, ಮುಗಿಯಲಿಲ್ಲ. 'ನ್ಯೂಸ್ ಆಫ್ ದಿ ವರ್ಲ್ಡ್' ಹಣ ತೆತ್ತು ಕೀಲರಳ ಕಥನವನ್ನು ಕೊಂಡು ಓದುಗರಿಗೆ ಮಾರಿತು. ಪ್ರೊಫ್ಯೂಮೊ ಮತ್ತು ಕೀಲರರ ಪರಿಚಯಕ್ಕೆ ಕಾರಣನಾದ ವೈದ್ಯ ಸ್ಟೀಫನ್ ವಾರ್ಡ್, ಹೆಂಗಸರ ಅನೈತಿಕ ಸಂಪಾದನೆಯಿಂದ ಬದುಕಿದನೆಂಬ ಆಪಾದನೆಗೆ ಗುರಿಯಾಗಿ, ಲೋಕದ ಕುತೂಹಲದೃಷ್ಟಿಯ ಎದುರಿನಲ್ಲಿ ವಿಚಾರಣೆಯನ್ನು ಅನುಭವಿಸಿ, ಅದು ಪೂರ್ಣಗೊಳ್ಳುವ ಮುನ್ನವೇ ನಿದ್ರೆಯ ಮಾತ್ರೆಗಳನ್ನು ನುಂಗಿ ಆಗಸ್ಟ್ 3ರಂದು ಅಸುನೀಗಿದನು. ಪ್ರೊಫ್ಯೂಮೊ ಪೂರ್ವ ಲಂಡನ್ನಿನ ಟಾಯ್ನ್‌ಬೀ ಹಾಲ್‌ನಲ್ಲಿ ಬಡವರ ಸೇವೆಗೆ ನಿಂತು 1975ರಲ್ಲಿ ರಾಜಮರ್ಯಾದೆಯನ್ನು ಪಡೆದನು. ಆ ಸೇವೆಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಕೀಲರಳಿಗಾದರೋ 2017ರಲ್ಲಿ ಸಾಯುವವರೆಗೂ ಆ ಬೇಸಗೆಯ ಕಳಂಕದಿಂದ ಬಿಡುಗಡೆ ದೊರೆಯಲಿಲ್ಲ. ಪದವಿಯನ್ನೇ ಹೊಂದಿರದ, ಯಾರಿಗೂ ಉತ್ತರ ಕೊಡಬೇಕಾಗಿರದ ಹುಡುಗಿಯೊಬ್ಬಳು ಮಂತ್ರಿಗಿಂತ ಹೆಚ್ಚಿನ ದಂಡವನ್ನು ತೆತ್ತಳು.

ಪದವಿಯಲ್ಲಿರುವವರಿಗೂ ಇಲ್ಲದವರಿಗೂ ನಡುವಣ ಈ ಭೇದವನ್ನು ನಮ್ಮಲ್ಲಿಯೂ ಗುರುತಿಸಲಾಗಿದೆ: ನಮ್ಮ ಸರ್ವೋಚ್ಚ ನ್ಯಾಯಾಲಯವು 1994ರ ರಾಜಗೋಪಾಲ್ ತೀರ್ಪಿನಲ್ಲಿ ಅಧಿಕಾರಿಯ ಕರ್ತವ್ಯಕ್ಕೆ ಸಂಬಂಧಿಸಿದ ನಡತೆಯನ್ನು ಟೀಕೆಗೆ ತೆರೆದಿಟ್ಟು, ಪ್ರಜೆಯ ಸಂಸಾರದ ವಿಷಯವನ್ನು ಆತನ ಸಮ್ಮತಿಯಿಲ್ಲದೆ ಪ್ರಕಟಿಸಕೂಡದೆಂದು ವಿಧಿಸಿದೆ. ಕನ್ನಡದ ಸಂಪಾದಕರಲ್ಲಿ ನನ್ನ ಬಿನ್ನಹವಿಷ್ಟೆ: ಮಂತ್ರಿಯು ಸುಳ್ಳಾಡಿದರೆ ನಿರ್ಭಯವಾಗಿ ಬರೆಯಿರಿ, ಅವನೊಡನಿದ್ದ ಹೆಂಗಸಿನ ಮುಖವನ್ನು ಅಚ್ಚುಮಾಡಬೇಡಿರಿ.